ಬರ್ತೀನಿ ಅಂದದ್ದಕ್ಕೆ ಉತ್ತರ

ಬೆಟ್ಟ ಯಾಕೆ ಹತ್ತುತ್ತೀ ಎಂದು ಕೇಳಿದರೆ ಇಂದುಶೇಖರನ ಹತ್ತಿರ ಬಗೆಬಗೆಯ ಉತ್ತರಗಳಿದ್ದವು. ಕೇಳಿದವರ ಮುಖ ನೋಡಿ, ಅವರಿಗೆ ಒಗ್ಗುವುದನ್ನು ತೆಗೆದು ಕೊಡುತ್ತಿದ್ದ. ಓಖ್ಲಾದ ಪ್ರೆಸ್ಸಿನ ಮಾಲೀಕರಿಗೆ "ಸೇಹತ್ ಕೆ ಲಿಯೇ, ಸರ್" ಎಂದು ಆರೋಗ್ಯದ ಕಾರಣ ಕೊಡುತ್ತಿದ್ದ. ಚಿತ್ರದುರ್ಗದಲ್ಲಿದ್ದ ಅಕ್ಕ ಸುಮಿತ್ರಾ ಫೋನಿನಲ್ಲಿ ಕೇಳಿದರೆ "ಕೇದಾರನಾಥನ ಕಡೆಗೇ ಕಣಕ್ಕಾ ಹೋಗೋದು, ಪುಣ್ಯ ಬರುತ್ತೆ" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ. ಭಾನುವಾರದ ಕ್ಲೈಂಬಿಂಗ್ ಕ್ಲಬ್ಬಿಗೆ ಗುರ್‌ಗಾಂವ್‌ನಿಂದ ಬರುತ್ತಿದ್ದ ಕಾರ್ಪೊರೇಟ್ ಹುಡುಗರಿಗೆ ಶಾಂತಿ, ನಿಶ್ಶಬ್ದ, ತನ್ನನ್ನು ತಾನು ಕಂಡುಕೊಳ್ಳುವುದು ಎಂದೆಲ್ಲ ಹೇಳುತ್ತಿದ್ದ. ಆ ಹುಡುಗರು ಕಣ್ಣರಳಿಸಿ ತಲೆಯಾಡಿಸುತ್ತಿದ್ದರು. ಬೆಟ್ಟ ಹತ್ತುವವರನ್ನು ಈ ಪ್ರಶ್ನೆ ಕೇಳಲೇಬಾರದು. ಕೇಳಿದರೆ ಪಾಪ, ಸುಳ್ಳು ಹೇಳದೆ ಅವರಿಗೆ ಬೇರೆ ದಾರಿಯಿರುವುದಿಲ್ಲ.

ನಿಜವಾದ ಕಾರಣ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಇಂದುಶೇಖರ ಆ ಪ್ರೆಸ್ಸಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಪರದೇಶಕ್ಕೆ ಹೋಗುವ ಅಂಗಿಗಳ ಕಾಲರಿಗೆ ದಾರದಲ್ಲಿ ನೇತುಬೀಳುತ್ತದಲ್ಲ, ಬೆಲೆಯ ಚೀಟಿ, ಅದನ್ನು ಅಚ್ಚು ಹಾಕಿಸುವುದು ಅವನ ಕೆಲಸ. ಒಂದು ನೀಲಿ ಬಣ್ಣ ಸರಿಯಾಗಿ ಕೂರಲಿಲ್ಲವೆಂದು ಮಧ್ಯಾಹ್ನದ ಊಟ ಬಿಟ್ಟು ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದ. ಅಂಗಿ ಕೊಂಡವನು ಮನೆಗೆ ಹೋಗಿ ಮೊದಲು ಮಾಡುವ ಕೆಲಸ ಆ ಚೀಟಿಯನ್ನು ಕತ್ತರಿಸಿ ಕಸದ ಬುಟ್ಟಿಗೆ ಎಸೆಯುವುದು. ಇಂದುಶೇಖರನ ತಲೆಯ ಮೇಲೆ ಮಾಲೀಕರು, ಮಾಲೀಕರ ಮೇಲೆ ಎಕ್ಸ್‌ಪೋರ್ಟ್ ಏಜೆಂಟು, ಏಜೆಂಟಿನ ಮೇಲೆ ಎಲ್ಲಿಯದೋ ದೇಶದ ಕೊಳ್ಳುವವನು. ಇಷ್ಟು ಜನರ ಕೆಳಗೆ ಕುಳಿತ ಮನುಷ್ಯನಿಗೆ ತನ್ನ ಮೇಲೆ ಯಾರೂ ಇಲ್ಲದ ಒಂದು ಜಾಗ ಬೇಕಾಗಿತ್ತು. ಕಾಲ್ಕಾಜಿಯ ಮೂರನೇ ಮಹಡಿಯಲ್ಲಿ, ತಾರಸಿಗೆ ಹೊಂದಿಕೊಂಡ ಬರ್ಸಾತಿ ಕೋಣೆಯಲ್ಲಿ ಅವನು ಬಾಡಿಗೆಗಿದ್ದ. ಅಲ್ಲಿ ಮೇಲೆ ಯಾರೂ ಇರಲಿಲ್ಲ ನಿಜ, ಆದರೆ ಬೇಸಿಗೆಯಲ್ಲಿ ಅದು ಕಾದ ಕಾವಲಿ. ಶಿಖರವೆಂದರೆ ಬೇರೆಯೇ. ಅದರ ತುದಿಯಲ್ಲಿ ನಿಂತವನಿಗೆ ಮೇಲಿನವರಿಲ್ಲ, ಪಕ್ಕದವರೂ ಇಲ್ಲ. ಪಕ್ಕದವರೂ ಇಲ್ಲ ಎಂಬ ಮಾತಿನಲ್ಲಿದ್ದ ವಿಷ ಅವನಿಗೆ ಗೊತ್ತಾದದ್ದು ಆಮೇಲೆ.

ಶಂಕರ ಅವನಿಗೆ ಸಿಕ್ಕಿದ್ದು ಧೌಜ್‌ನ ಬಂಡೆಗಳಲ್ಲಿ. ಫರೀದಾಬಾದಿನಾಚೆ, ಕೀಕರ್ ಮುಳ್ಳುಗಂಟಿಗಳ ನಡುವೆ, ದೆಹಲಿಯ ಬೆಟ್ಟದ ಹುಚ್ಚರೆಲ್ಲ ಭಾನುವಾರ ಬೆಳಿಗ್ಗೆ ಹಗ್ಗ ಹೊತ್ತು ಹೋಗುವ ಜಾಗ ಅದು. ಯಾರೋ ಒಬ್ಬ ಬಂಡೆಯ ನಡುಮಧ್ಯೆ ಕಾಲು ಜಾರಿ "ಅಯ್ಯೋ ಇದರಜ್ಜಿ!" ಎಂದು ಕಿರುಚಿದ. ಕೆಳಗಿದ್ದ ಇಂದುಶೇಖರ "ಯಾವೂರು ಸ್ವಾಮಿ?" ಎಂದು ಕೂಗಿದ. ಮೇಲಿನವನು ನೇತಾಡುತ್ತಲೇ "ಮಧುಗಿರಿ!" ಎಂದ. ಚಿತ್ರದುರ್ಗದವನೂ ಮಧುಗಿರಿಯವನೂ ಬಂಡೆಯ ಮೇಲೆ ಗೆಳೆಯರಾಗದೆ ಇನ್ನೆಲ್ಲಿ ಆಗಬೇಕು? ಶಂಕರ ನೋಯ್ಡಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಹೆಂಡತಿ ವಿಮಲಾ, ಮಗಳು ಅದಿತಿ, ತಾಯಿ ವಿಜಯಮ್ಮ. ಮದುವೆ ಗಿದುವೆ ಇಲ್ಲದ ಇಂದುಶೇಖರನಿಗೆ ಭಾನುವಾರದ ಊಟ ಅಂದಿನಿಂದ ಆ ಮನೆಯಲ್ಲಿ ಖಾಯಂ ಆಯಿತು.

ಆ ಮನೆಯ ಹೈಕೋರ್ಟು ವಿಜಯಮ್ಮ. ಅವರ ರಾಜ್ಯದಲ್ಲಿ ಕೆಲವು ಮಾತುಗಳಿಗೆ ಪ್ರವೇಶವಿರಲಿಲ್ಲ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಡಬ್ಬಿ ಖಾಲಿಯಾದರೂ ಅಕ್ಕಿ ಇಲ್ಲ ಅನ್ನಬಾರದು. ಎಲ್ಲಕ್ಕಿಂತ ದೊಡ್ಡ ಅಪರಾಧ, ಹೊರಡುವಾಗ "ಹೋಗ್ತೀನಿ" ಅನ್ನುವುದು. ದೆಹಲಿಯ "ಚಲ್ತಾ ಹೂಂ"ಗೆ ಒಗ್ಗಿಹೋಗಿದ್ದ ಇಂದುಶೇಖರ ಮೊದಲ ಭಾನುವಾರ ಊಟ ಮುಗಿಸಿ, ಚಪ್ಪಲಿ ಮೆಟ್ಟಿ, "ಹೋಗ್ತೀನಮ್ಮ" ಅಂದುಬಿಟ್ಟ. ವಿಜಯಮ್ಮ ಅವನನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, "ಈಗ ಎದ್ದು ಸರಿಯಾಗಿ ಹೇಳು" ಎಂದರು. ಅವನು ಎದ್ದು "ಬರ್ತೀನಮ್ಮ" ಎಂದ. ಅವರು ಬಾಗಿಲವರೆಗೂ ಬಂದು "ಹೂಂ, ಹೋಗಿ ಬಾ" ಎಂದರು. ಶಾಲೆಗೆ ಓಡುತ್ತಿದ್ದ ಅದಿತಿಗೂ ದಿನಾ ಇದೇ ಪಾಠ. ಬರ್ತೀನಿ ಎಂದರೆ ಹೋಗಿ ಬಾ. ಪ್ರಶ್ನೆಗೆ ಉತ್ತರ ಇದ್ದ ಹಾಗೆ.

ಇನ್ನು ಆ ಬೆಟ್ಟದ ವಿಷಯ. ಎರಡು ಸಾವಿರದ ಮೂರನೇ ಇಸವಿಯ ಜೂನ್ ತಿಂಗಳು, ಗಢ್ವಾಲದ ಒಂದು ಶಿಖರ. ಅದಕ್ಕೆ ಹೆಸರು ಕೂಡ ಇರಲಿಲ್ಲ, ನಕ್ಷೆಯಲ್ಲಿ ಬರೀ ಎತ್ತರದ ಅಂಕಿ. ಕ್ಲಬ್ಬಿನಿಂದ ಹೋದವರಲ್ಲಿ ಉಳಿದವರಿಗೆ ಕೆಳಗಿನ ಬಿಡಾರದಲ್ಲೇ ತಲೆಶೂಲೆ, ವಾಂತಿ ಹಿಡಿದುಕೊಂಡಿತು. ಕೊನೆಯ ಬೆಳಿಗ್ಗೆ ಮೇಲಿನ ಟೆಂಟಿನಿಂದ ಹೊರಟದ್ದು ಇಂದುಶೇಖರ, ಶಂಕರ ಇಬ್ಬರೇ. ದಾರಿಯಲ್ಲಿ ಕನ್ನಡಿಯಂಥ ಹಿಮಗಟ್ಟಿಯ ಒಂದು ಕಡಿದಾದ ಇಳಿಜಾರು ಇತ್ತು. ಅದನ್ನು ಒಬ್ಬರಿಗೊಬ್ಬರು ಹಗ್ಗ ಹಿಡಿದುಕೊಂಡು ದಾಟಿದರು. ಅದರ ಮೇಲಿನ ದಿಬ್ಬ ತಲುಪುವ ಹೊತ್ತಿಗೆ ಬಿಸಿಲು ಬಂದಿತ್ತು. ಎದುರಿಗೆ ಬರೀ ಒಂದು ಏಣು, ಅದರ ಕೊನೆಗೆ ತುದಿ. ಕೈ ಚಾಚಿದರೆ ಸಿಕ್ಕೀತು ಅನ್ನುವ ಹಾಗೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಹತ್ತಿರದ ತುದಿ ಅದಕ್ಕಿಂತ ನುಣ್ಣಗೆ. ಮನುಷ್ಯನ ಬುದ್ಧಿ ಜಾರಿಬೀಳುವುದು ಅಲ್ಲಿಯೇ.

ಶಂಕರ ದಿಬ್ಬದ ಮೇಲೆ ಕುಳಿತ. ಬಲಗಾಲು ಮರದ ತುಂಡಿನ ಹಾಗಾಗಿದೆ, ನೆಲ ತಾಕುವುದೇ ಗೊತ್ತಾಗುತ್ತಿಲ್ಲ ಎಂದ. ಬೂಟನ್ನು ನೆಲಕ್ಕೆ ಕುಟ್ಟಿ ನೋಡಿದ, ಕುಟ್ಟಿದ ಸದ್ದು ಕೇಳಿಸಿತೇ ಹೊರತು ನೋವಾಗಲಿಲ್ಲ. ಇಂದುಶೇಖರ ತುದಿಯ ಕಡೆಗೇ ನೋಡುತ್ತಿದ್ದ. "ಸ್ವಲ್ಪ ಹೊತ್ತು ಕೂತ್ಕೊ, ಸರಿಹೋಗುತ್ತೆ" ಎಂದ. ಶಂಕರ ಕುಳಿತ, ಎದ್ದ, ಮತ್ತೆ ಕುಳಿತ. ಕೊನೆಗೆ ಎದ್ದು ನಿಂತು ಇಂದುಶೇಖರನ ಭುಜ ಮುಟ್ಟಿ, "ಸರಿ ಕಣೋ, ಬರ್ತೀನಿ" ಎಂದ.

ನೋಯ್ಡಾದ ಮನೆಯ ಬಾಗಿಲಲ್ಲಿ ಹೇಳುವ ಹಾಗೆಯೇ ಹೇಳಿದ. ಸಾಯುವಂಥ ಜಾಗದಲ್ಲಿ ನಿಂತು ಹೋಗ್ತೀನಿ ಎಂದು ವಿಜಯಮ್ಮನ ಮಗ ಹೇಗೆ ತಾನೇ ಹೇಳಿಯಾನು?

ಇಂದುಶೇಖರನಿಗೆ ಅರ್ಥವಾಯಿತು. ಇದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ಅವನಿಗೆ ಚೆನ್ನಾಗಿಯೇ ಅರ್ಥವಾಯಿತು. ಶಂಕರ ಕೆಳಗಿಳಿಯಲು ಹೊರಟಿದ್ದಾನೆ, ಒಬ್ಬನೇ, ಸತ್ತ ಕಾಲಿನಲ್ಲಿ. ಅವನು ಆ ಹಿಮಗಟ್ಟಿಯ ಇಳಿಜಾರು ಇಳಿಯಬೇಕಾದರೆ ಮೇಲಿನಿಂದ ಒಬ್ಬರು ಹಗ್ಗ ಹಿಡಿಯಬೇಕು. ಹಿಡಿಯಬೇಕಾದರೆ ತುದಿ ಬಿಟ್ಟು ತಾನೂ ಹಿಂದಿರುಗಬೇಕು. ಇಷ್ಟೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಹಾದುಹೋಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ, ಕದ್ದುಬಂದ ಬೆಕ್ಕಿನ ಹಾಗೆ, ಒಳಗೆ ಬಂತು: ಬರ್ತೀನಿ ಅಂದನಲ್ಲ, ಹಿಂದೆ ನಿಧಾನವಾಗಿ ಬರುತ್ತಾನೆ ಅಂತಲೂ ಆಗಬಹುದಲ್ಲ? ಇಂದುಶೇಖರ ಆ ಬೆಕ್ಕನ್ನು ಓಡಿಸಲಿಲ್ಲ. ಹಗ್ಗದ ಸುರುಳಿಯನ್ನು ಬೆನ್ನಿಗೇರಿಸಿ ಏಣಿನ ಕಡೆ ತಿರುಗಿದ. ತಿರುಗುವಾಗ ಅವನ ಬಾಯಿ ತನ್ನ ಪಾಡಿಗೆ ತಾನು ಒಂದು ಮಾತು ಹೇಳಿತು.

"ಹೂಂ, ಹೋಗಿ ಬಾ."

ಗಾಳಿಯಲ್ಲಿ ಅದು ಶಂಕರನಿಗೆ ಕೇಳಿಸಲಿಲ್ಲ. ಹಿಂದೆ ಬರುವವನಿಗೆ ಯಾರೂ ಹೋಗಿ ಬಾ ಎನ್ನುವುದಿಲ್ಲ. ಇಂದುಶೇಖರನ ಮನಸ್ಸು ಸುಳ್ಳನ್ನು ಒಪ್ಪಿಕೊಳ್ಳುವ ಮೊದಲೇ ನಾಲಿಗೆ ನಿಜ ಹೇಳಿ ಮುಗಿಸಿತ್ತು.

ಮಧ್ಯಾಹ್ನ ಇಳಿದು ಬರುವಾಗ ಶಂಕರ ಸಿಕ್ಕಿದ್ದು ಇಳಿಜಾರಿನ ಬುಡದಲ್ಲಿ. ಜಾರಿಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಬಲಗಾಲಿನ ಬೂಟು ಕಳಚಿಹೋಗಿ, ಹಿಮದಲ್ಲಿ ಬಿದ್ದುಕೊಂಡೇ ಬೆಳಗಿನಿಂದ ಕಾದಿದ್ದ. ದೆಹಲಿಯ ಆಸ್ಪತ್ರೆಯಲ್ಲಿ ಆ ಕಾಲಿನ ಬೆರಳುಗಳಷ್ಟನ್ನೂ ತೆಗೆದರು. ಹಾಸಿಗೆಯ ಪಕ್ಕದಲ್ಲಿ ಕುಳಿತ ಇಂದುಶೇಖರ ಇನ್ನೂ ಬಾಯಿ ತೆರೆದಿರಲಿಲ್ಲ, ಶಂಕರನೇ ಅವನ ಕೈ ಹಿಡಿದುಕೊಂಡ. "ನಾನೇ ದಡ್ಡ ಕಣೋ. ಕೆಳಗೆ ಹೋಗ್ತೀನಿ ಅಂತ ನೆಟ್ಟಗೆ ಹೇಳೋದು ಬಿಟ್ಟು ಬರ್ತೀನಿ ಅಂದೆ. ನನ್ನ ಹಿಂದೇನೇ ಮೇಲಕ್ಕೆ ಬರ್ತಾನೆ ಅಂತ ನೀನು ಅಂದ್ಕೊಂಡೆ, ಅಲ್ವಾ?"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಇಂದುಶೇಖರ "ಹೂಂ" ಎಂದ.

ಆ ಒಂದು "ಹೂಂ" ಬೆಳೆದು ಮರವಾಯಿತು. ಶಂಕರ ಮೊದಲಿನಿಂದಲೂ ನಗಿಸುವ ಮನುಷ್ಯ. ಕೋಲು ಹಿಡಿದು ನಡೆಯಲು ಕಲಿತ ಮೇಲೆ, ಅನುಕಂಪದ ಮಾತು ಕೇಳಿ ಕೇಳಿ ಸಾಕಾಗಿ, ಇದನ್ನೇ ಒಂದು ಹಾಸ್ಯಪ್ರಸಂಗ ಮಾಡಿಕೊಂಡ. ನೋಯ್ಡಾ ಕನ್ನಡಿಗರು ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದರೆ ಯಾರಾದರೊಬ್ಬರು "ಶಂಕರ್, ಆ ಬೆಟ್ಟದ್ದು ಹೇಳ್ರೀ" ಅನ್ನುತ್ತಿದ್ದರು. ಶಂಕರ ಮೈಕ್ ಹಿಡಿಯುತ್ತಿದ್ದ. "ಹಿಮಾಲಯದ ಮೇಲೆ ನಿಂತು, ನಮ್ಮಮ್ಮ ಕಲಿಸಿದ ಹಾಗೆ, ಮರ್ಯಾದೆಯಿಂದ ಬರ್ತೀನಿ ಅಂದೆ. ಈ ಪುಣ್ಯಾತ್ಮ ಹಿಂದೇನೇ ಬರ್ತಾನೆ ಅಂದ್ಕೊಂಡು ಹಗ್ಗ ತಗೊಂಡು ಹೋದ. ಹಿಂದಿಯಲ್ಲಿ ಜಾ ರಹಾ ಹೂಂ ಅಂದಿದ್ರೆ ನನ್ನ ಬೆರಳು ಉಳೀತಿದ್ವು! ಮಾತೃಭಾಷೆಗೋಸ್ಕರ ಬೆರಳು ಕೊಟ್ಟ ಕನ್ನಡಿಗ ದೆಹಲೀಲಿ ನಾನೊಬ್ಬನೇ. ಪ್ರಶಸ್ತಿ ಕೊಡೋದಾದ್ರೆ ನಮ್ಮಮ್ಮನಿಗೆ ಕೊಡಿ!" ಸಭೆ ಹೊಟ್ಟೆ ಹಿಡಿದು ನಗುತ್ತಿತ್ತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಇಂದುಶೇಖರ.

ನಗದೆ ಇದ್ದವರು ಒಬ್ಬರೇ. ಪ್ರಶಸ್ತಿಯ ಮಾತು ಬರುವ ಹೊತ್ತಿಗೆ ವಿಜಯಮ್ಮ ನೀರು ಕುಡಿಯುವ ನೆವ ಮಾಡಿ ಎದ್ದು ಹೊರಗೆ ಹೋಗುತ್ತಿದ್ದರು. ಮಗ ತಮಾಷೆ ಮಾಡುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಮಾಡುವುದು ನಿಜದ ಮೇಲಿನ ತಮಾಷೆ ಎಂದೂ ನಂಬಿದ್ದರು. ತಾವು ಅವನ ಚಿಕ್ಕಂದಿನಿಂದ ಗಿಳಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟ ಮಾತೇ ಮಗನ ಕಾಲು ತಿಂದಿತು. ಆಸ್ಪತ್ರೆಯಿಂದ ಶಂಕರ ಮನೆಗೆ ಬಂದಂದಿನಿಂದ ಅವರು ಬಾಗಿಲಿಗೆ ಬರುವುದನ್ನೇ ಬಿಟ್ಟರು. ಅದಿತಿ "ಅಜ್ಜೀ, ಬರ್ತೀನಿ" ಎಂದರೆ ಒಳಗಿನಿಂದ ಉತ್ತರವಿಲ್ಲ. ಇಂದುಶೇಖರ ಹೊರಟರೂ ತಲೆಯಾಡಿಸುವುದಷ್ಟೇ. ಒಂದು ಸಲ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ತಮ್ಮಷ್ಟಕ್ಕೆ ತಾವೇ ಅಂದುಕೊಂಡರು: "ಹೋಗ್ತೀನಿ ಅಂದ್ರೆ ಏನಾಗ್ತಿತ್ತು? ಅಲ್ಲಿಂದ ಇಲ್ಲಿಗೆ ಭೂಮಿ ಬಾಯಿ ಬಿಡ್ತಿತ್ತಾ? ನನ್ನದೊಂದು ಹಾಳು ಶಾಸ್ತ್ರ." ನೀರಿಗೆಂದು ಅಡುಗೆಮನೆಯ ಬಾಗಿಲವರೆಗೆ ಹೋಗಿದ್ದ ಇಂದುಶೇಖರ ನೀರು ಕುಡಿಯದೆ ಹಿಂತಿರುಗಿದ.

ಅಂದಿನಿಂದ ಅವನಿಗೆ ನೆಮ್ಮದಿ ಎಂಬುದಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ, ಆದರೆ ಇವನು ಮಾಡಿದ್ದನ್ನು ಉಣ್ಣುತ್ತಿದ್ದವರು ಇನ್ನೊಬ್ಬರು. ಅದನ್ನು ನೋಡಿಕೊಂಡೇ ಅವರ ಕೈಯ ಊಟ ಉಣ್ಣಬೇಕಾಗಿತ್ತು. ಕೆಟ್ಟ ಮನಸ್ಸಾಕ್ಷಿಯವರು ಮಾಡುವುದನ್ನೆಲ್ಲ ಮಾಡಿದ. ಗೀಸರ್ ರಿಪೇರಿ ಮಾಡಿಸಿದ, ಐಎನ್‌ಎ ಮಾರುಕಟ್ಟೆಯಿಂದ ತೆಂಗಿನಕಾಯಿ, ಕರಿಬೇವು ಹೊತ್ತು ತಂದ, ವಿಜಯಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. "ಹೊಟ್ಟೇಲಿ ಹುಟ್ಟಿದವನೂ ಇಷ್ಟು ಮಾಡಲ್ಲ" ಎಂದು ಅವರು ವಿಮಲಾಳ ಮುಂದೆ ಹೇಳಿದಾಗ ಅವನಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಶಿಖರಗಳಿಗೆ ಹೋಗುವುದನ್ನು ಬಿಟ್ಟ. ಧೌಜ್‌ಗೆ ಹೋದರೂ ತಾನು ಹತ್ತುತ್ತಿರಲಿಲ್ಲ, ಕೆಳಗೆ ನಿಂತು ಹತ್ತುವವರ ಹಗ್ಗ ಹಿಡಿಯುತ್ತಿದ್ದ. ಎಂಥ ನಿಸ್ವಾರ್ಥಿ ಎಂದು ಕ್ಲಬ್ಬಿನ ಹುಡುಗರು ಅವನನ್ನು ಹೊಗಳುತ್ತಿದ್ದರು. ಹೇಳಿಬಿಡೋಣ ಎಂದು ಎಷ್ಟೋ ಭಾನುವಾರ ನೋಯ್ಡಾದ ಮೆಟ್ಟಿಲು ಹತ್ತಿದ. ಪ್ರತಿ ಸಲವೂ ಊಟ ಮಾಡಿ ಇಳಿದ. ಹೇಳಿದರೆ ಆ ಮನೆ ಹೋಗುತ್ತದೆ. ದೆಹಲಿಯಲ್ಲಿ ಅವನಿಗೆ ಇದ್ದದ್ದು ಅದೊಂದೇ ಮನೆ.

ಎರಡು ಸಾವಿರದ ಏಳರ ಚಳಿಗಾಲ. ಅದಿತಿ ಹನ್ನೆರಡನೇ ತರಗತಿಗೆ ಬಂದಿದ್ದಳು. ಅಪ್ಪನ ಕಾಲು ನೋಡಿಯೂ ಅವಳಿಗೆ ಬೆಟ್ಟದ ಹುಚ್ಚು ಹತ್ತಿತು. ಪರೀಕ್ಷೆ ಮುಗಿದ ಕೂಡಲೇ ಉತ್ತರಕಾಶಿಗೆ ಪರ್ವತಾರೋಹಣದ ಕೋರ್ಸಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ವಿಮಲಾ ಬೇಡವೇ ಬೇಡ ಎಂದು ಅತ್ತಳು. ಶಂಕರ ಯೋಚಿಸಿ ಹೇಳಿದ: "ಮೊದಲು ಧೌಜ್‌ನಲ್ಲಿ ನಮ್ಮ ಇಂದುಶೇಖರನ ಹತ್ರ ಕಲೀಲಿ. ಅವನು ಹಗ್ಗ ಹಿಡಿದ್ರೆ ನನಗೆ ಭಯ ಇಲ್ಲ." ಅಲ್ಲೇ ಕುಳಿತಿದ್ದ ಇಂದುಶೇಖರ ಗೋಡೆಯ ಕ್ಯಾಲೆಂಡರ್ ನೋಡುತ್ತಾ "ಸರಿ" ಎಂದ.

ಭಾನುವಾರ ಬೆಳಿಗ್ಗೆ ಅವಳನ್ನು ತನ್ನ ಹಳೇ ಮಾರುತಿಯಲ್ಲಿ ಕಾಳಿಂದಿ ಕುಂಜ್ ದಾಟಿಸಿ ಕರೆದುಕೊಂಡು ಹೋದ. ಮಂಜು ಕರಗುವವರೆಗೂ ಕಾದು, ಒಂದು ಸುಲಭದ ಬಂಡೆ ಆರಿಸಿ, ಅವಳ ಸೊಂಟಕ್ಕೆ ಹಗ್ಗ ಕಟ್ಟಿದ. ಗಂಟನ್ನು ಎಳೆದೆಳೆದು ನೋಡಿದ. ಆಮೇಲೆ ಮೊದಲ ಪಾಠ ಹೇಳಿದ.

"ನೋಡು ಪುಟ್ಟಾ, ಹತ್ತೋಕೆ ಮುಂಚೆ ನೀನು 'ಕ್ಲೈಂಬಿಂಗ್' ಅನ್ನಬೇಕು. ನಾನು 'ಕ್ಲೈಂಬ್ ಆನ್' ಅಂತೀನಿ. ನಾನು ಅನ್ನೋವರೆಗೂ ಕಲ್ಲಿಗೆ ಕೈ ಹಾಕಬಾರದು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಲೇಬೇಕು. ಉತ್ತರ ಬರಲಿಲ್ಲ ಅಂದ್ರೆ ಮಾತು ಮುಟ್ಟಿಲ್ಲ ಅಂತ ಅರ್ಥ."

"ಹರ್ ಬಾರ್?"

"ಪ್ರತಿ ಸಲ. ಎಷ್ಟೇ ಗಾಳಿ ಇರಲಿ."

ಅದಿತಿ ಕಲ್ಲಿನ ಕಡೆ ತಿರುಗಿದವಳು ಮತ್ತೆ ಇವನ ಕಡೆ ತಿರುಗಿದಳು. ಯಾವ ಕುಹಕವೂ ಇರಲಿಲ್ಲ ಅವಳಲ್ಲಿ, ಪಾಠ ಸರಿಯಾಗಿ ಅರ್ಥ ಮಾಡಿಕೊಳ್ಳುವ ಹುಡುಗಿಯ ಮುಖ ಅಷ್ಟೇ. "ಅಂಕಲ್, ತೋ ಅಪ್ಪ ಆ ಬೆಟ್ಟದ ಮೇಲೆ ನಿಂತು ಬರ್ತೀನಿ ಅಂದ್ರಲ್ಲ, ಆಗ ಆಪ್‌ನೇ ಕ್ಯಾ ಬೋಲಾ? ನೀವು ಏನು ಉತ್ತರ ಕೊಟ್ರಿ?"

ನಾಲ್ಕು ವರ್ಷ ಎಲ್ಲರೂ ಕೇಳಿದ್ದು ಅವನಿಗೆ ಏನು ಕೇಳಿಸಿತು ಎಂದು. ಅವನು ಏನು ಹೇಳಿದ ಎಂದು ಒಬ್ಬರೂ ಕೇಳಿರಲಿಲ್ಲ.

"ಏನೂ ಹೇಳಲಿಲ್ಲ. ತುಂಬಾ ಗಾಳಿ ಇತ್ತು" ಎಂದ.

"ಅಚ್ಛಾ" ಎಂದಳು ಅದಿತಿ. "ಉತ್ತರಾನೇ ಕೊಡದೆ ಹೋಗ್ಬಿಟ್ರಾ? ದಟ್ ವಾಸ್ ರಾಂಗ್, ನಾ?" ಆಮೇಲೆ ಬಂಡೆಗೆ ಮುಖ ಮಾಡಿ "ಕ್ಲೈಂಬಿಂಗ್" ಎಂದು ಕೂಗಿ ಕಾದಳು. ಇಂದುಶೇಖರ ಕೈಯ ಹಗ್ಗವನ್ನು ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡಿದ. ಅವಳು ಕಾದೇ ಕಾದಳು. ಅವನು ಉತ್ತರ ಕೊಟ್ಟ ಮೇಲೆಯೇ ಕಲ್ಲಿಗೆ ಕೈ ಹಾಕಿದಳು.

ಹುಡುಗಿ ಹಗುರವಾಗಿ ಹತ್ತಿದಳು. ಒಂದು ಕಡೆ ಕೈ ತಪ್ಪಿ ಜಾರಿದಾಗ ಅವನು ಹಗ್ಗವನ್ನು ಬಿಗಿಯಾಗಿ ಹಿಡಿದ. ಅವಳ ಭಾರವೆಲ್ಲ ಅವನ ಸೊಂಟಕ್ಕೆ ಬಂತು. ಮೇಲಿನಿಂದ ಅವಳು ನಗುತ್ತಾ ಇಣುಕಿ, ಒಂಚೂರೂ ಹೆದರದೆ, ಎರಡೂ ಕೈ ಬಿಟ್ಟು ನೇತಾಡಿದಳು. ಅಪ್ಪ ಹೇಳಿದ್ದಾನೆ, ಅವಳು ನಂಬಿದ್ದಾಳೆ. ಕೆಳಗಿಳಿದ ತಕ್ಷಣ ಇಂದುಶೇಖರ "ಇವತ್ತಿಗೆ ಸಾಕು" ಎಂದು ಹಗ್ಗ ಸುತ್ತತೊಡಗಿದ. ಇನ್ನೊಂದು ಸಲ ಎಂದು ಅವಳು ಗೋಗರೆದರೂ ಕೇಳಲಿಲ್ಲ. ಇವತ್ತು ಹೇಳದಿದ್ದರೆ ಇನ್ನು ಈ ಮಗುವಿನ ಹಗ್ಗ ಮುಟ್ಟುವ ಯೋಗ್ಯತೆ ತನಗಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡ. ಕಾಳಿಂದಿ ಕುಂಜ್ ಸೇತುವೆಯ ಮೇಲೆ ಬರುವಾಗ ಧೈರ್ಯ ಅರ್ಧವಾಯಿತು. ನೋಯ್ಡಾ ತಲುಪುವಾಗ, ಊಟವಾದ ಮೇಲೆ ಹೇಳೋಣ ಅನ್ನುವಲ್ಲಿಗೆ ಬಂದಿತ್ತು.

ಅಂದು ಮುದ್ದೆ, ಬಸ್ಸಾರು. ಮಧುಗಿರಿಯಿಂದ ಯಾರೋ ತಂದುಕೊಟ್ಟ ರಾಗಿಹಿಟ್ಟು ಎಂದು ವಿಮಲಾ ಹೇಳಿದಳು. ಶಂಕರ ಕೋಲನ್ನು ಕುರ್ಚಿಗೆ ಒರಗಿಸಿ, ಮಗಳ ವರದಿ ಕೇಳುತ್ತಿದ್ದ. ವಿಜಯಮ್ಮ ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದರು.

"ಅಪ್ಪಾ, ಪತಾ ಹೈ?" ಅದಿತಿ ಮುದ್ದೆ ಮುರಿಯುತ್ತಾ ಹೇಳಿದಳು. "ಹಗ್ಗದ ಮೇಲೆ ಯಾರು ಏನೇ ಹೇಳಿದ್ರೂ ಆನ್ಸರ್ ಮಾಡ್ಬೇಕಂತೆ. ಲೇಕಿನ್ ನೀವು ಬರ್ತೀನಿ ಅಂದಾಗ ಅಂಕಲ್‌ನೇ ಕುಛ್ ಬೋಲಾ ಹೀ ನಹೀ. ಗಾಳಿ ಇತ್ತಂತೆ."

ಶಂಕರ ನಕ್ಕ. ಕೈಗೆ ಸಿಕ್ಕಿದ ಮೈಕನ್ನು ಬಿಡುವ ಮನುಷ್ಯನೇ ಅವನು? "ಅಂಕಲ್ದೇನೂ ತಪ್ಪಿಲ್ಲಮ್ಮಾ. ತಪ್ಪೆಲ್ಲ ಈ ನಿಮ್ಮಜ್ಜೀದು. ಇವಳು ಬರ್ತೀನಿ ಅಂತ ಕಲಿಸದೇ ಇದ್ದಿದ್ರೆ..."

ವಿಜಯಮ್ಮನ ಕೈಯ ಸೌಟು ಇಂದುಶೇಖರನ ತಟ್ಟೆಯ ಮೇಲೆ ನಿಂತಿತು. ಸಾರು ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಅವರು ನಗುವ ಪ್ರಯತ್ನ ಮಾಡಿದರು. ಎಪ್ಪತ್ತು ದಾಟಿದ ಆ ಮುಖದಲ್ಲಿ ನಗು ಹೇಗೆ ಬರಬೇಕೆಂದು ತಿಳಿಯದೆ ತುಟಿ ಮಾತ್ರ ಅದುರಿತು.

"ನಾನು ಉತ್ತರ ಕೊಟ್ಟಿದ್ದೆ" ಎಂದ ಇಂದುಶೇಖರ.

ಅವನ ದನಿ ಅವನಿಗೇ ಬೇರೆಯವರದೆನಿಸಿತು. ಶಂಕರ ಇನ್ನೂ ನಗುತ್ತಲೇ ಇದ್ದ. "ಏನಂದೆ? ನನಗಂತೂ ಕೇಳಿಸ್ಲಿಲ್ಲ."

"ಹೋಗಿ ಬಾ ಅಂದೆ."

ತಟ್ಟೆಯ ಮೇಲೆ ಸೌಟು ತಗುಲಿದ ಸದ್ದಾಯಿತು. ಅಲ್ಲಿದ್ದವರಿಗೆ ಯಾರಿಗೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅರ್ಧಂಬರ್ಧ ಕನ್ನಡದ ಅದಿತಿಯೂ ಚಿಕ್ಕಂದಿನಲ್ಲಿ ಸ್ಕೂಲ್ ಬಸ್ಸಿಗೆ ಓಡುವಾಗ ದಿನಾ ಕೇಳಿಸಿಕೊಂಡ ಮಾತು ಅದು. ಅವಳು ಅಪ್ಪನ ಮುಖ ನೋಡಿದಳು. ಶಂಕರನ ನಗು ಇಳಿಯಲು ಹೊತ್ತಾಯಿತು.

"ಗೊತ್ತಿತ್ತಾ ನಿನಗೆ? ನಾನು ಕೆಳಗೆ ಹೋಗ್ತಿದೀನಿ ಅಂತ?"

"ಗೊತ್ತಿತ್ತು."

"ಹಗ್ಗ?"

"ನನ್ನ ಬೆನ್ನ ಮೇಲಿದೆ ಅಂತಾನೂ ಗೊತ್ತಿತ್ತು."

"ಯಾಕೋ?" ಎಂದ ಶಂಕರ. ಕೋಪ ಕೂಡ ಇರಲಿಲ್ಲ ಅದರಲ್ಲಿ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ.

ಮಾಲೀಕರಿಗೆ, ಅಕ್ಕನಿಗೆ, ಗುರ್‌ಗಾಂವ್ ಹುಡುಗರಿಗೆ ಕೊಟ್ಟ ಉತ್ತರಗಳಲ್ಲಿ ಒಂದೂ ಅವನ ಬಾಯಿಗೆ ಬರಲಿಲ್ಲ. "ತುದಿ ಕಾಣ್ತಿತ್ತು ಶಂಕರ. ಅಷ್ಟೇ. ಮೇಲೆ ನಿಂತಾಗ ನಿನ್ನ ನೆನಪೂ ಬರಲಿಲ್ಲ. ಖುಷಿಯಾಗಿತ್ತು ನನಗೆ. ತುಂಬಾ ಖುಷಿಯಾಗಿತ್ತು."

ಶಂಕರ ತಟ್ಟೆಯನ್ನು ಹಿಂದಕ್ಕೆ ತಳ್ಳಿದ. "ಊರೆಲ್ಲಾ ನಗಿಸ್ಕೊಂಡು ತಿರುಗಿದೆನಲ್ಲೋ ನಾನು. ನಮ್ಮಮ್ಮನ್ನ ಮುಂದೆ ಕೂರಿಸ್ಕೊಂಡು. ನೀನು ಪಕ್ಕದಲ್ಲಿ ಕೂತು ನಗ್ತಿದ್ದೆ" ಎಂದ. ಕೋಲಿಗಾಗಿ ತಡಕಾಡಿದ. ಇಂದುಶೇಖರ ಎತ್ತಿಕೊಡಲು ಕೈ ಚಾಚಿದಾಗ "ಮುಟ್ಟಬೇಡ" ಎಂದ. ಕುಂಟುತ್ತಾ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ವಿಮಲಾ ಸೆರಗಿನಿಂದ ಬಾಯ್ಮುಚ್ಚಿಕೊಂಡು ಅವನ ಹಿಂದೆ ಹೋದಳು. ಅದಿತಿ ಕೈ ತೊಳೆಯದೆ ಎದ್ದು ತನ್ನ ರೂಮಿಗೆ ನಡೆದಳು. ಇವನ ಕಡೆ ನೋಡಲಿಲ್ಲ.

ಇನ್ನು ಉಳಿದವರು ವಿಜಯಮ್ಮ. ಇಂದುಶೇಖರ ತಲೆಯೆತ್ತದೆ ಕಾದ. ಅವರು ಬೈಯಲಿ, ಶಾಪ ಹಾಕಲಿ, ಬಿಸಿಸಾರನ್ನೇ ಮೈಮೇಲೆ ಸುರಿಯಲಿ, ಅದು ತನಗೆ ಬರಬೇಕಾದ್ದೇ ಎಂದು ಕಾದ. ಅವರು ಪಾತ್ರೆಯನ್ನು ಮೇಜಿನ ಮೇಲಿಟ್ಟು, ಶಂಕರನ ಖಾಲಿ ಕುರ್ಚಿಯಲ್ಲಿ ಕುಳಿತರು.

"ಹಾಗಾದ್ರೆ ಅವನು ಅಂದಿದ್ದು ನಿನಗೆ ಸರಿಯಾಗೇ ಅರ್ಥ ಆಗಿತ್ತು?"

"ಆಗಿತ್ತಮ್ಮ."

"ಬರ್ತೀನಿ ಅಂದಿದ್ದಕ್ಕೆ ನನ್ನ ಮಗ ಬೀಳಲಿಲ್ಲ?"

"ಇಲ್ಲಮ್ಮ. ಅದರಿಂದ ಅಲ್ಲ. ಅವನು ಸರಿಯಾಗೇ ಹೇಳಿದ. ನಾನೇ ಹಗ್ಗ ತಗೊಂಡು ಹೋದೆ."

ಅವನು ತಲೆಯೆತ್ತಿ ನೋಡಿದ. ಆ ಮುಖದಲ್ಲಿ ಕೋಪವನ್ನು ಹುಡುಕಿದ. ಸಿಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ವಿಜಯಮ್ಮನ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಆದರೆ ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ತಲೆಹೊರೆ ಇಳಿಸಿ ಕಟ್ಟೆಯ ಮೇಲೆ ಕುಳಿತವರ ಹಾಗೆ ಅವರು ಒಂದು ದೊಡ್ಡ ಉಸಿರು ಬಿಟ್ಟರು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆದೇ ಇರಲಿಲ್ಲ.

"ಇನ್ನೊಂದ್ಸಲ ಹೇಳು ಮಗಾ" ಎಂದರು. "ಶಂಕರನಿಗೂ ಕೇಳೋ ಹಾಗೆ, ಗಟ್ಟಿಯಾಗಿ ಹೇಳು."

ಇಂದುಶೇಖರ ಬಾಲ್ಕನಿಯ ಮುಚ್ಚಿದ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. ಅವರು ಮತ್ತೆ ಹೇಳು ಎಂದರು, ಮತ್ತೆ ಹೇಳಿದ. ವಿಜಯಮ್ಮ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೊಂದು ಮಾತಿಗೂ ತಲೆಯಾಡಿಸುತ್ತಾ ಕೇಳುತ್ತಿದ್ದರು. ಕಳೆದ ನಾಲ್ಕು ವರ್ಷಗಳ ಯಾವ ಭಾನುವಾರ ಹೇಳಿದ್ದರೂ ಅವರು ಹೀಗೆಯೇ ಕೇಳುತ್ತಿದ್ದರು ಎಂದು ಅವನಿಗೆ ಆಗ ಗೊತ್ತಾಯಿತು.